ಸಹಾಯ ಬೇಕು: ಕರ್ನಾಟಕದ ವೈರ್‌ಮನ್ ಪರ್ಮಿಟ್ ಕಾಸರಗೋಡಿನಲ್ಲಿ ನಡೀತದಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಮಂಗಳೂರಲ್ಲಿ ಐಟಿಐ ಮುಗಿಸಿ ಕರ್ನಾಟಕದ ವೈರ್‌ಮನ್ ಪರ್ಮಿಟ್ ತೆಗೆದವನು. ಕೆಲಸ ಬಹಳ ಚೊಕ್ಕ; ಅವನು ಜೋಡಿಸಿದ ಡಿಬಿ ಬಾಕ್ಸ್ (ಮನೆಯೊಳಗೆ ಕರೆಂಟು ಹಂಚುವ ಪೆಟ್ಟಿಗೆ) ತೆರೆದರೆ ಒಂದು ವೈರೂ ಅಡ್ಡಾದಿಡ್ಡಿ ಕಾಣುವುದಿಲ್ಲ. ಈಗ ಊರಿಗೇ, ಮಂಜೇಶ್ವರಕ್ಕೆ ಬಂದು ಮನೆ ವೈರಿಂಗ್ ಮಾಡಬೇಕೆಂದಿದ್ದಾನೆ.

ಬಲ್ಬು, ಫ್ಯಾನು, ಸ್ವಿಚ್ಚು ಬದಲಿಸಲು ಲೈಸೆನ್ಸ್ ಬೇಡ, ಹೊಸ ವೈರಿಂಗಿಗೆ ಲೈಸೆನ್ಸ್ ಇರುವ ಗುತ್ತಿಗೆದಾರರೇ ಆಗಬೇಕು, ಅಷ್ಟು ಗೊತ್ತು. ಇಲ್ಲಿ ಅದನ್ನು ಕೊಡುವುದು ತಿರುವನಂತಪುರದ ಕೇರಳ ರಾಜ್ಯ ವಿದ್ಯುತ್ ಲೈಸೆನ್ಸಿಂಗ್ ಮಂಡಳಿ. ಕೇಂದ್ರದ ಸುರಕ್ಷತಾ ನಿಯಮ ಓದಿದೆ: ರಾಜ್ಯ ಸರಕಾರ ಕೊಟ್ಟ ಇಲ್ಲವೇ ಮಾನ್ಯ ಮಾಡಿದ ಪರ್ಮಿಟ್ ಸಾಕಂತೆ. ಪರಿಚಯದ ಗುತ್ತಿಗೆದಾರರನ್ನು ಕೇಳಿದರೆ ಒಬ್ಬರು ಪುನಃ ಪರೀಕ್ಷೆ ಬರೀಬೇಕು ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ.

ಗಡಿ ದಾಟಿ ಬಂದ ವೈರ್‌ಮನ್‌ಗಳು ಯಾರಾದರೂ ಇದ್ದರೆ ಹೇಳಿ: ಹಳೇ ಪರ್ಮಿಟ್ಟನ್ನೇ ಇಲ್ಲಿ ಮಾನ್ಯ ಮಾಡಿಸಿಕೊಂಡಿರಾ, ಹೊಸದಾಗಿ ಪರೀಕ್ಷೆ ಬರೆದಿರಾ? ಯಾವ ದಾಖಲೆ ಕೇಳಿದರು?