ಸೀರೆ ಫೋಟೊ ಜೆಪಿಜಿ ಇರಲಾ, ಪಿಎನ್‌ಜಿ ಮಾಡಲಾ?

ಪ್ರಶ್ನೆ: ಅಣ್ಣಾ, ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ಮೊಬೈಲ್‌ನಲ್ಲಿ ಫೋಟೊ ತೆಗೆದು ಗಿರಾಕಿಗಳಿಗೆ ವಾಟ್ಸ್‌ಆ್ಯಪ್ ಮಾಡುತ್ತೇವೆ. ಟೋಪ ತೆನಿ ಸೆರಗಿನ ಕೆಂಪು-ಬಿಳಿ ಗೆರೆಗಳು ಕಲಸಿದ ಹಾಗೆ ಕಾಣುತ್ತವೆ. ಲೋಗೊ ಹಾಕಿದರೆ ಸುತ್ತ ಬಿಳಿ ಚೌಕ. ಎಲ್ಲವನ್ನೂ ಪಿಎನ್‌ಜಿ ಮಾಡಿಬಿಡಲಾ?

ಉತ್ತರ (ಬಾಗಲಕೋಟೆಯಲ್ಲಿ ಡಿಟಿಪಿ, ಫ್ಲೆಕ್ಸ್ ಕೆಲಸ ನನ್ನದು): ಬೇಡ ಅಕ್ಕಾ. ಜೆಪಿಜಿ, ಪಿಎನ್‌ಜಿ ಎರಡೂ ಚಿತ್ರ ಉಳಿಸುವ ಫೈಲ್ ಬಗೆಗಳು. ಫೋಟೊ ಜೆಪಿಜಿಯಲ್ಲೇ ಇರಲಿ, ಲೋಗೊ ಮಾತ್ರ ಪಿಎನ್‌ಜಿ ಬೇಕು. ಜೆಪಿಜಿಯಲ್ಲಿ ಹಿನ್ನೆಲೆ ಖಾಲಿ ಬಿಡೋಕೆ ಬರಲ್ಲ, ಅದಕ್ಕೇ ಆ ಬಿಳಿ ಚೌಕ.

ಸೆರಗಿನ ಕಥೆ ಬೇರೆ. ನಮ್ಮ ಕಣ್ಣು ಬೆಳಕು-ನೆರಳನ್ನು ಹಿಡಿಯುವಷ್ಟು ಚೂಪಾಗಿ ಬಣ್ಣವನ್ನು ಹಿಡಿಯಲ್ಲ. ಜೆಪಿಜಿ ಇದನ್ನೇ ಬಳಸಿಕೊಂಡು, ಸಾಮಾನ್ಯವಾಗಿ 4 ಪಿಕ್ಸೆಲ್‌ಗೆ (ಚಿತ್ರದ ಚುಕ್ಕಿಗಳಿಗೆ) ಸೇರಿ ಒಂದೇ ಬಣ್ಣದ ಲೆಕ್ಕ ಇಡುತ್ತದೆ. ಮುಖ, ಆಕಾಶ ಇದ್ದರೆ ಗೊತ್ತೇ ಆಗಲ್ಲ. ಕೆಂಪಿಗೆ ತಾಗಿಯೇ ಬಿಳಿ ಇದ್ದರೆ ಕೆಂಪು ಬಿಳಿಯೊಳಗೆ ಇಳಿಯುತ್ತದೆ, ಮೊದಲ ಸಲ ಒಗೆದಾಗ ಸೀರೆ ಬಣ್ಣ ಬಿಟ್ಟ ಹಾಗೆ. ಅದರ ಮೇಲೆ ವಾಟ್ಸ್‌ಆ್ಯಪ್ ಇನ್ನೊಮ್ಮೆ ಹಿಂಡುತ್ತದೆ. ನೀವು ಪಿಎನ್‌ಜಿ ಮಾಡಿದರೂ ಫೋಟೊ ಅಂತ ಕಳಿಸಿದರೆ ಅದು ಜೆಪಿಜಿಯಾಗಿಯೇ ಹೋಗುತ್ತದೆ. ಒಮ್ಮೆ ಹೋದ ವಿವರ ಪಿಎನ್‌ಜಿ ಮಾಡಿದರೆ ವಾಪಸ್ ಬರಲ್ಲ, ಫೈಲ್ ಸುಮ್ನೆ ದೊಡ್ಡದಾಗುತ್ತೆ ಅಷ್ಟೆ. ಸೆರಗನ್ನು ಹತ್ತಿರದಿಂದ ಬೇರೆಯಾಗಿ ತೆಗೆದು, 'ಡಾಕ್ಯುಮೆಂಟ್' ಒತ್ತಿ ಕಳಿಸಿ.

ಪ್ರಶ್ನೆ: ಮಗನ ಐಫೋನ್‌ನಲ್ಲಿ ತೆಗೆದದ್ದು ಅಂಗಡಿ ಕಂಪ್ಯೂಟರ್‌ನಲ್ಲಿ ತೆರೆಯೋದೇ ಇಲ್ಲ. ಅದೇ ಲೋಗೊ 10 ಅಡಿ ಫ್ಲೆಕ್ಸ್‌ಗೂ ನಡೆಯುತ್ತಾ?

ಉತ್ತರ: ಅದು ಹೆಚ್‌ಇಐಸಿ ಅನ್ನೋ ಇನ್ನೊಂದು ಬಗೆಯ ಫೋಟೊ ಫೈಲ್. 2017ರಿಂದ ಐಫೋನ್ ಹೀಗೇ ಉಳಿಸುತ್ತದೆ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಇಡಿ, ಮುಂದೆ ತೆಗೆಯೋದೆಲ್ಲ ಜೆಪಿಜಿ ಆಗುತ್ತೆ.

ಫ್ಲೆಕ್ಸ್‌ಗೆ ಆ ಚಿಕ್ಕ ಪಿಎನ್‌ಜಿ ನಡೆಯಲ್ಲ. ವಾಟ್ಸ್‌ಆ್ಯಪ್ ಡಿಪಿಯಿಂದ ಲೋಗೊ ಕತ್ತರಿಸಿ ತಂದು "ದೊಡ್ಡದು ಮಾಡಿಕೊಡ್ರಿ" ಅನ್ನೋರು ವಾರಕ್ಕೊಬ್ಬರಾದರೂ ಬರುತ್ತಾರೆ! ಎಳೆದರೆ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು. ಲೋಗೊ ಮಾಡಿದವರ ಹತ್ತಿರ ಕೋರೆಲ್ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನ ಸಿಡಿಆರ್ ಫೈಲ್ ಕೇಳಿ. ಅದರಲ್ಲಿ ಗೆರೆಗಳೇ ಲೆಕ್ಕವಾಗಿ ಇರುತ್ತವೆ, ಎಷ್ಟು ಎಳೆದರೂ ಚೂಪು. ಕನ್ನಡ ಅಕ್ಷರವಿದ್ದರೆ ಕರ್ವ್ ಮಾಡಿಸಿಕೊಳ್ಳಿ, ಅಂದರೆ ಅಕ್ಷರವನ್ನೂ ಗೆರೆಯ ಚಿತ್ರವಾಗಿ ಬದಲಿಸಿಕೊಳ್ಳಿ. ಇಲ್ಲಾಂದ್ರೆ ಆ ಫಾಂಟ್ ಇಲ್ಲದ ಕಡೆ ಅಂಗಡಿ ಹೆಸರೇ ಓದೋಕೆ ಬರಲ್ಲ.

ಪ್ರಶ್ನೆ: ಮಾಡಿದವರು ಅಂಗಡಿ ಮುಚ್ಚಿ ಹೋದರಣ್ಣಾ. ವಿಸಿಟಿಂಗ್ ಕಾರ್ಡ್ ಒಂದೇ ಉಳಿದಿದೆ.

ಉತ್ತರ: ಮಡಚದೆ ತನ್ನಿ. ಸ್ಕ್ಯಾನ್ ಮಾಡಿ, ಅದರ ಮೇಲೆ ಗೆರೆ ಎಳೆದು ಹೊಸದಾಗಿ ಬಿಡಿಸೋಣ.