ಪಾಸಿಟಿವ್ ಎಂದು ತಿಳಿಸಿದಾಗ "ಸರಿ ಮೇಡಂ" ಎಂದು ಎದ್ದು ಹೋದವರು

ಪ್ರಶ್ನೆ: ಹೊಸ ಆಪ್ತಸಮಾಲೋಚಕಿ

ತಾಲ್ಲೂಕು ಆಸ್ಪತ್ರೆಯೊಂದರ ಐಸಿಟಿಸಿಗೆ (ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆಯ ಕೇಂದ್ರ) ಸೇರಿ ನಾಲ್ಕು ತಿಂಗಳಾಯಿತು. ಅಳುವವರನ್ನೂ, ರಿಪೋರ್ಟೇ ತಪ್ಪೆಂದು ಜಗಳಕ್ಕೆ ನಿಲ್ಲುವವರನ್ನೂ ಹೇಗೆ ಸಂಭಾಳಿಸಬೇಕೆಂದು ತರಬೇತಿಯಲ್ಲಿ ಕಲಿತಿದ್ದೆ. ಆದರೆ ಮೂರು ಪರೀಕ್ಷೆಗಳಲ್ಲೂ ಎಚ್‌ಐವಿ ಸೋಂಕು ದೃಢಪಟ್ಟಿದೆ ಎಂದು ತಿಳಿಸಿದಾಗ ಒಬ್ಬರು "ಸರಿ ಮೇಡಂ" ಎಂದಷ್ಟೇ ಹೇಳಿ, ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಚೀಟಿಯನ್ನು ಜೇಬಿಗಿಟ್ಟುಕೊಂಡು ಹೊರಟರು. ಗಟ್ಟಿ ಮನಸ್ಸಿನವರು ಎಂದುಕೊಂಡೆ. ತಿಂಗಳು ಕಳೆದರೂ ಅವರು ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿಲ್ಲ. ನಾನು ಎಡವಿದ್ದು ಎಲ್ಲಿ?

ಉತ್ತರ 1: ಹದಿನಾಲ್ಕು ವರ್ಷಗಳಿಂದ ಇದೇ ಕೆಲಸದಲ್ಲಿರುವವಳು

ಆ "ಸರಿ" ಒಪ್ಪಿಗೆಯಲ್ಲ. ಕೋಣೆಯಿಂದ ಬೇಗ ಹೊರಬೀಳಲು ಕೇಳುವ ಅಪ್ಪಣೆ. "ಪಾಸಿಟಿವ್" ಎಂಬ ಮಾತು ಕಿವಿಗೆ ಬಿದ್ದ ಮೇಲೆ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ), ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್‌ನ ಪ್ರಮಾಣ) ಎಂದು ನಾವು ವಿವರಿಸುವ ಯಾವುದೂ ಅವರ ಒಳಗೆ ಇಳಿಯುವುದಿಲ್ಲ. ಹಾಗಾಗಿ ಮೊದಲ ದಿನ ನಾನು ಎರಡೇ ಮಾತು ಹೇಳುತ್ತೇನೆ: ಇದಕ್ಕೆ ದಿನಕ್ಕೊಂದು ಮಾತ್ರೆಯಿದೆ, ಅದು ಉಚಿತ. ಆಮೇಲೆ ಸುಮ್ಮನಿದ್ದು, "ಇಲ್ಲಿಂದ ಈಗ ಎಲ್ಲಿಗೆ ಹೋಗುತ್ತೀರಿ, ಮನೆಯಲ್ಲಿ ಯಾರಿದ್ದಾರೆ?" ಎಂದು ಕೇಳುತ್ತೇನೆ. ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ಇದ್ದರೆ ಬಹಳ ಸಲ ಈ ಪ್ರಶ್ನೆಗೇ ಹೊರಬರುತ್ತದೆ, ಆಗ ಅವರನ್ನು ಒಬ್ಬರೇ ಕಳುಹಿಸಬಾರದು. ಗರ್ಭಿಣಿಯರ ಸಂಗತಿ ಬೇರೆ. ತಪಾಸಣೆಗೆಂದು ಬಂದು ಅನಿರೀಕ್ಷಿತವಾಗಿ ಇದನ್ನು ಕೇಳುವ ಅವರು ತಮ್ಮ ಬಗ್ಗೆ ಏನನ್ನೂ ಕೇಳದೆ, ಮೊದಲು "ಮಗುವಿಗೆ?" ಎನ್ನುತ್ತಾರೆ, ನಂತರ "ಅವರಿಗೆ ಹೇಳಬೇಡಿ" ಎನ್ನುತ್ತಾರೆ.

ಉತ್ತರ 2: ಸೋಂಕಿನೊಂದಿಗೆ ಬದುಕುತ್ತಿರುವವನು

2012ರಲ್ಲಿ ನಾನೂ "ಸರಿ" ಎಂದೇ ಎದ್ದು ಬಂದವನು. ಆಪ್ತಸಮಾಲೋಚಕರ ಮೇಜಿನ ಮೇಲಿದ್ದ ನೀಲಿ ಪೆನ್ನಿನ ಸ್ಟ್ಯಾಂಡ್ ಬಿಟ್ಟರೆ ಆ ಅರ್ಧ ಗಂಟೆಯ ಯಾವುದೂ ನೆನಪಿಲ್ಲ. ಮರುವಾರ ಪರಿಚಯದವರಿಲ್ಲದ ಊರಿಗೆ ಹೋಗಿ ಖಾಸಗಿ ಲ್ಯಾಬಿನಲ್ಲಿ ಬೇರೆ ಹೆಸರು ಕೊಟ್ಟು ಮತ್ತೆ ಪರೀಕ್ಷಿಸಿಕೊಂಡೆ. ಆಗ ಸಾಮಾನ್ಯವಾಗಿ ಸಿಡಿ4 ಎಣಿಕೆ 350ಕ್ಕಿಂತ ಕೆಳಗಿಳಿದರೆ ಮಾತ್ರ ಮಾತ್ರೆ ಶುರು ಮಾಡುತ್ತಿದ್ದರು. ನನ್ನದು ಅದಕ್ಕಿಂತ ಹೆಚ್ಚಿದ್ದುದರಿಂದ, ಮಾತ್ರೆಯೇ ಇಲ್ಲವೆಂದ ಮೇಲೆ ಕಾಯಿಲೆಯೂ ಇಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಈಗ ಎಣಿಕೆ ಎಷ್ಟಿದ್ದರೂ ಚಿಕಿತ್ಸೆ ಸಿಗುತ್ತದೆ, ಆ ನೆಪಕ್ಕೆ ಜಾಗವಿಲ್ಲ. ಆದರೂ ನಮ್ಮೂರಿನವರು ಯಾರಾದರೂ ಎಆರ್‌ಟಿ ಕೇಂದ್ರದ ಸಾಲಿನಲ್ಲಿ ಕಂಡಾರು ಎಂಬ ಭಯ ಹಾಗೆಯೇ ಇದೆ. ನಿಮ್ಮವರು ಬಾರದಿರಲು ಅದೂ ಕಾರಣವಿರಬಹುದು. ಬೇರೆ ಜಿಲ್ಲೆಯ ಕೇಂದ್ರಕ್ಕೆ ಕಳುಹಿಸಬಹುದೇ ಎಂದು ವಿಚಾರಿಸಿ.

ಉತ್ತರ 3: ವೈದ್ಯ

ಅವರನ್ನು ಹುಡುಕುವಾಗ ಎಚ್ಚರಿಕೆಯಿರಲಿ. ಫೋನನ್ನು ಮನೆಯವರು ಎತ್ತಿದರೆ ಆಸ್ಪತ್ರೆಯ ಹೆಸರನ್ನೂ ಹೇಳಬೇಡಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು, ಅದರಲ್ಲೇ ಹೇಳಿರುವ ಕೆಲವು ಸಂದರ್ಭಗಳ ಹೊರತು, ಅವರ ಒಪ್ಪಿಗೆಯಿಲ್ಲದೆ ಈ ವಿಷಯವನ್ನು ಬಹಿರಂಗಪಡಿಸುವುದನ್ನು ನಿಷೇಧಿಸಿದೆ. ಗರ್ಭಿಣಿಯರ ಮಾತು ಬಂದಿದ್ದರಿಂದ ಹೇಳುತ್ತಿದ್ದೇನೆ: ತಿಳಿಸಿದರೆ ಆಕೆಯ ಮೇಲೆ ಹಿಂಸೆಯಾಗಬಹುದು ಅಥವಾ ಗಂಡ ಬಿಟ್ಟುಹೋಗಬಹುದು ಎಂಬ ಸಕಾರಣ ಭಯವಿದ್ದರೆ ಗಂಡನಿಗೂ ತಿಳಿಸಬಾರದೆಂದು ಅದೇ ಕಾಯ್ದೆ ಹೇಳುತ್ತದೆ.

ಪ್ರಶ್ನೆ ಕೇಳಿದವರು

ನಿನ್ನೆ ಸಂಜೆ ಅವರೇ ಕರೆ ಎತ್ತಿದರು. ಮಾತ್ರೆಯ ವಿಷಯ ತೆಗೆಯದೆ, ಊಟ ಮಾಡುತ್ತಿದ್ದೀರಾ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಮೇಡಂ, ಅವತ್ತು ನೀವು ಏನು ಹೇಳಿದಿರಿ, ಇನ್ನೊಮ್ಮೆ ಹೇಳುತ್ತೀರಾ?" ಎಂದರು. ಸೋಮವಾರ ಬರುತ್ತೇನೆ ಎಂದಿದ್ದಾರೆ.