ಅಪ್‌ಡೇಟ್: ಇಲಸ್ಟ್ರೇಟರ್ ಶಾರ್ಟ್‌ಕಟ್‌ಗಳು ಕೈಗೆ ಹತ್ತಿದವು

ಇಲಸ್ಟ್ರೇಟರ್‌ನಲ್ಲಿ (ಚಿತ್ರ ಬರೆಯುವ ಸಾಫ್ಟ್‌ವೇರ್) ಪ್ರತಿ ಟೂಲ್‌ಗೂ ಮೌಸ್ ಓಡಿಸಿ ಸಾಕಾಗಿದೆ, ಯಾವ ಶಾರ್ಟ್‌ಕಟ್ ಮೊದಲು ಕಲಿಯಲಿ ಅಂತ ಕೇಳಿದ್ದೆ ಅಲ್ವಾ? ನೀವು ಹೇಳಿದ ವಿ (ಸೆಲೆಕ್ಷನ್ ಟೂಲ್), ಎ (ಆಕಾರದ ಒಂದೊಂದೇ ಬಿಂದು ಹಿಡಿಯುವ ಡೈರೆಕ್ಟ್ ಸೆಲೆಕ್ಷನ್ ಟೂಲ್), ಪಿ (ಪೆನ್ ಟೂಲ್) ಈಗ ಕೀಬೋರ್ಡ್ ನೋಡದೆಯೇ ಬರುತ್ತವೆ. ಪೆನ್ ಹಿಡಿದಿರುವಾಗ ಕಂಟ್ರೋಲ್ ಒತ್ತಿದರೆ ಕೊನೆಗೆ ಬಳಸಿದ ಸೆಲೆಕ್ಷನ್ ಟೂಲ್ ಸಿಗುತ್ತದೆ, ಬಿಟ್ಟರೆ ಮತ್ತೆ ಪೆನ್. ಇದು ತುಂಬಾ ಉಪಯೋಗಕ್ಕೆ ಬಂತು.

ಆದರೆ ಜಾಸ್ತಿ ಖುಷಿ ಕೊಟ್ಟಿದ್ದು ಕಂಟ್ರೋಲ್ ಡಿ, ಅಂದರೆ ಈಗಷ್ಟೇ ತಿರುಗಿಸಿದ್ದನ್ನೋ ಸರಿಸಿದ್ದನ್ನೋ ಹಾಗೆಯೇ ಮತ್ತೆ ಮಾಡುವ ಶಾರ್ಟ್‌ಕಟ್. ಹೂವಿಗೆ ಒಂದೇ ಎಸಳು ಬರೆದು, ಆರ್ (ತಿರುಗಿಸುವ ಟೂಲ್) ಒತ್ತಿ, ಆಲ್ಟ್ ಹಿಡಿದು ಎಸಳಿನ ಬುಡದಲ್ಲಿ ಕ್ಲಿಕ್ ಮಾಡಿ, 30 ಡಿಗ್ರಿ ಕೊಟ್ಟು ಕಾಪಿ ಒತ್ತಿದೆ, ಆಮೇಲೆ ಸುಮ್ನೆ ಕಂಟ್ರೋಲ್ ಡಿ 10 ಸಲ ಒತ್ತಿದರೆ 12 ಎಸಳಿನ ಹೂವು ರೆಡಿ! ಇಂಕ್‌ಸ್ಕೇಪ್ (ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್) ಬಳಸುವವರು ಗಮನಿಸಿ, ಅಲ್ಲಿ ಕಂಟ್ರೋಲ್ ಡಿ ಅಂದರೆ ಬರೀ ನಕಲು.

ಇನ್ನೊಂದು, ಟೆಕ್ಸ್ಟ್ ಟೈಪ್ ಮಾಡಿದ ಮೇಲೆ ಎಸ್ಕೇಪ್ ಒತ್ತಿ. ಇಲ್ಲದಿದ್ದರೆ ಶಾರ್ಟ್‌ಕಟ್ ಒತ್ತಿದಾಗ ಟೂಲ್ ಬದಲಾಗುವ ಬದಲು ಅಕ್ಷರವೇ ಬೀಳುತ್ತದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.